ಹುಳಿ ತೊರೆ

ಆಗಸ್ಟ್ 6, ಮಂಗಳವಾರ

ಪಿಎಚ್ 4.9. ಹೋದ ವಾರವೂ ಅದೇ, ಅದರ ಹಿಂದಿನ ವಾರವೂ ಅದೇ. ಈ ತೊರೆಗೆ ನಾಚಿಕೆ ಅನ್ನುವುದೇ ಇಲ್ಲ.

ಸಂಜೆ ‘ನೋಡೋಣ’ ಸಾಹೇಬರ ಫೋನು. ಮೇಲಧಿಕಾರಿಗೆ ನಾನಿಟ್ಟಿರುವ ಹೆಸರು ಅದು. ಛಾವಣಿ ಸೋರುತ್ತಿದೆ ಎಂದರೂ ‘ನೋಡೋಣ’, ಹೊಸ ಮೀಟರ್ ಬೇಕು ಎಂದರೂ ‘ನೋಡೋಣ’, ಕೆಲಸಕ್ಕೆ ಇನ್ನೊಬ್ಬರನ್ನು ಕೊಡಿ ಎಂದರೂ ‘ನೋಡೋಣ’. ಇವತ್ತು ಆ ಮಾತು ಬರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

“ಮೇಡಂ, ಬೆಟ್ಟದಾಚೆ ಕಲ್ಲಿದ್ದಲು ಸುಡೋದು ನಿಂತು ಎರಡು ವರ್ಷ ಆಯ್ತು. ನಿಮ್ಮ ನೀರು ಮಾತ್ರ ಇದ್ದ ಹಾಗೇ ಇದೆ. ಬದಲಾಗದೇ ಇರೋದನ್ನ ಅಳೆಯೋಕೆ ಒಂದು ಕೇಂದ್ರ ಯಾಕೆ ಅಂತ ಮೇಲಿನವರು ಕೇಳ್ತಿದಾರೆ. ನಾನೇನು ಹೇಳ್ಲಿ?”

“ಐವತ್ತು ವರ್ಷ ಕಾಡು ಕುಡಿದಿದ್ದು ಎರಡು ವರ್ಷಕ್ಕೆ ಇಳಿಯತ್ತಾ ಸಾರ್?”

“ವರ್ಷದ ಕೊನೆವರೆಗೆ ಟೈಮ್ ಇದೆ. ಸ್ವಲ್ಪನಾದ್ರೂ ಏರಿಕೆ ಕಾಣ್ಲಿ. ಇಲ್ಲಾಂದ್ರೆ ಕೇಂದ್ರ ಮುಚ್ಚಿ ನಿಮ್ಮನ್ನ ಪೇಟೆ ಲ್ಯಾಬಿಗೆ ಕರ್ಕೋತೀವಿ. ನಿಮಗೂ ಒಳ್ಳೇದೇ ಅಲ್ವಾ, ಒಬ್ಬರೇ ಇರೋದು ತಪ್ಪತ್ತೆ.”

ಸರಿಯಾದ ಉತ್ತರ ಫೋನಿಟ್ಟ ಮೇಲೆ ಹೊಳೆಯಿತು. ನನ್ನದು ಯಾವಾಗಲೂ ಹಾಗೇ. ಹೊಗೆ ನಿಂತರೆ ಮಳೆಯ ಹುಳಿ ಕಡಿಮೆಯಾಗುತ್ತದೆ, ಒಪ್ಪಿದೆ. ಆದರೆ ಮಣ್ಣು? ಹೊಗೆಯಲ್ಲಿದ್ದ ಗಂಧಕ ಮಳೆಯ ಜೊತೆ ಇಳಿದು ಇಷ್ಟು ವರ್ಷ ಈ ಕಾಡಿನ ಮಣ್ಣಿನೊಳಗೆ ಕೂತಿದೆ. ಹುಳಿಯನ್ನು ತಡೆದು ನಿಲ್ಲಿಸುತ್ತಿದ್ದ ಸುಣ್ಣದ ಅಂಶ ತೊಳೆದು ಹೋಗಿದೆ. ಈಗ ಆಕಾಶದಿಂದ ಅಮೃತವೇ ಸುರಿದರೂ ಮಣ್ಣು ತನ್ನೊಳಗಿನ ಹಳೇ ಹುಳಿಯನ್ನೇ ಸೋಸಿ ಸೋಸಿ ತೊರೆಗೆ ಕೊಡುತ್ತದೆ, ಜೊತೆಗೆ ಅಲ್ಯೂಮಿನಿಯಂ ಬೇರೆ. ಅದು ಮೀನಿನ ಕಿವಿರಿಗೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಸರಿಹೋಗಲು ಒಂದು ತಲೆಮಾರೇ ಬೇಕು, ಅದನ್ನು ಯಾರಾದರೂ ಕೂತು ನೋಡಬೇಕು. ಇಷ್ಟನ್ನು ಹೇಳಬೇಕಿತ್ತು. ಹೇಳಿದ್ದು “ಸರಿ ಸಾರ್” ಅಂತ.

ಒಬ್ಬಳೇ ಇರುವುದು ತಪ್ಪುತ್ತದಂತೆ! ಅದು ತಪ್ಪಲಿ ಎಂದು ಇವರನ್ನು ಕೇಳಿದವರು ಯಾರು? ಪೇಟೆಯಲ್ಲಿ ಬಾಡಿಗೆ ಕೋಣೆ, ಗೋಡೆಯಾಚೆ ಪಕ್ಕದ ಮನೆಯ ಟೀವಿ, ಮೆಟ್ಟಿಲ ಮೇಲೆ ಎದುರಾದವರಿಗೆಲ್ಲ ಹಲ್ಲು ಕಿರಿಯುವುದು. ನೆನೆಸಿಕೊಂಡರೇ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನನಗಿರುವುದು ಈ ಎರಡು ಕೋಣೆಯ ಮನೆ, ಈ ತೊರೆ. ಇನ್ನೇನೂ ಬೇಡ.

ಆಗಸ್ಟ್ 11, ಭಾನುವಾರ

ಹಾಳಾದ ಫೋನು. ಈ ಸಲ ಅಣ್ಣ. ಅವನ ಕೆಮ್ಮು ಜಾಸ್ತಿಯಾಗಿದೆಯಂತೆ, ಒಳ್ಳೇ ಗಾಳಿ ಇರುವ ಕಡೆ ಸ್ವಲ್ಪ ದಿನ ಇರಿ ಎಂದು ಡಾಕ್ಟರು ಹೇಳಿದರಂತೆ. ಜೀವಮಾನವೆಲ್ಲ ಬೆಟ್ಟದಾಚೆಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಂಡವನು, ಆಚೆ ಹೊಗೆ ಬಿಟ್ಟು ಈಗ ಈಚೆ ಗಾಳಿ ಕುಡಿಯಲು ಬರುತ್ತಾನೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಅತ್ತಿಗೆ ಹೋದ ಮೇಲೆ ಮನೆಯಲ್ಲಿ ಮಾತಾಡುವವರಿಲ್ಲ ಅಂದ. ಮಾತಾಡಲು ಇಲ್ಲಿಗೆ ಬರುವುದೆಂದರೆ ಬಾವಿ ತೋಡಲು ಬಂಡೆ ಹುಡುಕಿದ ಹಾಗೆ.

ಮಾದರಿ ನೀರು ತುಂಬುವ ಬಾಟಲಿಗಳ ಕೋಣೆ ಖಾಲಿ ಮಾಡಬೇಕು. ಬಾಟಲಿಗಳನ್ನು ಎಲ್ಲಿಡಲಿ?

ಆಗಸ್ಟ್ 14, ಬುಧವಾರ

ಬಂದ. ಜೀಪಿನವನು ಪ್ರತಿ ಬುಧವಾರ ನನ್ನ ಬಾಟಲಿ ಪೇಟೆ ಲ್ಯಾಬಿಗೆ ಒಯ್ಯಲು ಬರುತ್ತಾನೆ, ಅವನ ಜೊತೆ ಮುಂದಿನ ಸೀಟಿನಲ್ಲಿ ಕೂತು, ಒಂದು ಚೀಲ, ಒಂದು ಮಡಚುವ ಕುರ್ಚಿ. ತೆಳ್ಳಗಾಗಿದ್ದಾನೆ. ಇಳಿದವನೇ “ಏನೇ ಸೂಜಿ, ಇನ್ನೂ ಚುಚ್ತೀಯಾ, ಮೊಂಡಾಗಿದೀಯಾ?” ಅಂದ. ಜೀಪಿನವನ ಮುಂದೆ! ಐವತ್ತಮೂರು ವರ್ಷದ ನನಗೆ ಈಗಲೂ ಅದೇ ಹೆಸರು. ಇನ್ನು ಪೇಟೆಯ ಲ್ಯಾಬಿನಲ್ಲೂ ಅದು ನಡೆಯುತ್ತದೆ, ಜೀಪಿನವನ ಬಾಯಿಗೆ ಬೀಗ ಹಾಕುವವರು ಯಾರು?

ತೊರೆಯ ಹತ್ತಿರ ನಿಂತು ಬಹಳ ಹೊತ್ತು ನೋಡಿದ. ದಾಪುಗಾಲು ಹಾಕಿದರೆ ದಾಟಬಹುದಾದಷ್ಟೇ ಅಗಲ, ಆದರೂ ತಳದ ಒಂದೊಂದು ಕಲ್ಲೂ ಎಣಿಸುವಷ್ಟು ಸ್ಪಷ್ಟ.

“ಎಂಥಾ ತಿಳಿ ನೀರೇ ನಿನ್ನ ಹಳ್ಳದ್ದು! ಇದಕ್ಕಾ ಕಾಯಿಲೆ ಅನ್ನೋದು?”

“ಹಳ್ಳ ಅಲ್ಲ, ತೊರೆ. ಬದುಕಿರೋ ನೀರಲ್ಲಿ ಪಾಚಿ ಇರತ್ತೆ, ಹುಳ ಇರತ್ತೆ, ಮೀನು ಕೆದಕಿದ ರಾಡಿ ಇರತ್ತೆ. ಇದರಲ್ಲಿ ಏನೂ ಇಲ್ಲ, ಅದಕ್ಕೇ ಇಷ್ಟು ತಿಳಿ. ಕಲ್ಲೆತ್ತಿ ನೋಡು ಬೇಕಾದ್ರೆ, ಒಂದು ಹುಳ ಕಂಡ್ರೆ ನನ್ನ ಹೆಸರು ಬದಲಾಯಿಸ್ತೀನಿ.”

“ಸೂಜಿ ಬಿಟ್ಟು ಬೇರೆ ಹೆಸರು ನಿಂಗೆ ಒಪ್ಪಲ್ಲ ಬಿಡು” ಎಂದು ಬಗ್ಗಿ ಒಂದೊಂದೇ ಕಲ್ಲು ಎತ್ತಿ ನೋಡಿದ. ಆಮೇಲೆ ಕೆಮ್ಮು ಬಂದು ಕೂತುಬಿಟ್ಟ.

ಆಗಸ್ಟ್ 20, ಮಂಗಳವಾರ

4.9. ಇವತ್ತು ಮಾದರಿ ತೆಗೆಯುವಾಗ ಅವನೂ ಬಂದ. ಬಾಟಲಿಯನ್ನು ನೀರೊಳಗೇ ತುಂಬಿಸಿ ನೀರೊಳಗೇ ಮುಚ್ಚಳ ಹಾಕುವುದನ್ನು ಕುತೂಹಲದಿಂದ ನೋಡಿದ. ಒಂದು ಗುಳ್ಳೆ ಗಾಳಿ ಉಳಿದರೂ ಲೆಕ್ಕ ತಪ್ಪುತ್ತದೆ ಎಂದು ವಿವರಿಸಿದೆ. ಬಾಟಲಿಯ ಹತ್ತಿರ ಉಸಿರು ಬಿಡಬೇಡ ಎಂದೆ. ಪಾಪ, ಅಷ್ಟು ದೂರ ಹೋಗಿ ಮರದ ಹಿಂದೆ ನಿಂತು ಕೆಮ್ಮಿ ಬಂದ.

“ಏಳಿದ್ರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಕೆಳಗಿಳಿದಷ್ಟೂ ಹುಳಿ, ಅಲ್ವಾ?” ಅಂದ.

“ನಿಂಗೆ ಹೇಗೆ ಗೊತ್ತು?”

“ಅಯ್ಯೋ, ಬಾಯ್ಲರಿಗೆ ಬಿಡೋ ನೀರು ಶಿಫ್ಟಿಗೆ ಎಷ್ಟು ಸಲ ನೋಡ್ತಿದ್ವಿ! ಹುಳಿ ಬಂದ್ರೆ ಕೊಳವೆ ಎಲ್ಲಾ ತಿಂದು ಹಾಕತ್ತೆ. ತಕ್ಷಣ ಡೋಸಿಂಗ್ ಮಾಡ್ಬೇಕು. ಮದ್ದು ಹಾಕೋದು, ಮತ್ತೆ ನೋಡೋದು, ಮತ್ತೆ ಹಾಕೋದು. ನೀನು ಏನು ಹಾಕ್ತೀಯ?”

“ನಾನು ಯಾಕೆ ಹಾಕ್ಲಿ? ನಾನು ಅಳೀತೀನಿ.”

“ಅಷ್ಟೇನಾ?” ಅಂದ. ಅಷ್ಟೇನಾ ಅಂತೆ! ಮೈ ಉರಿದುಹೋಯಿತು.

ಬರುವಾಗ ದಾರಿಯ ಕೆಸರಿನಲ್ಲಿ ಜಾರಿದ. ಶೆಡ್ಡಿನ ಹಿಂದೆ ಸುಣ್ಣಕಲ್ಲಿನ ಜಲ್ಲಿ ಗುಡ್ಡೆ ಬಿದ್ದಿದೆಯಲ್ಲ, ದಾರಿಗೆ ಹರಡಿದರೆ ಆಗದಾ ಎಂದು ಕೇಳಿದ. ಅದರ ಕಥೆ ಹೇಳಬೇಕಾಯಿತು. ದಾರಿ ಮಾಡಲು ಬಂದ ಕಂಟ್ರಾಕ್ಟರು ಕಪ್ಪು ಜಲ್ಲಿ ತಾರಯ್ಯ ಎಂದರೆ ಅಗ್ಗಕ್ಕೆ ಸಿಕ್ಕಿತೆಂದು ಇದನ್ನು ತಂದು ಸುರಿದಿದ್ದ. ನಾನು ಅಡ್ಡ ನಿಂತು ಜಗಳ ಮಾಡಿ ತೊರೆಯಿಂದ ದೂರ ಹಾಕಿಸಿದೆ, ಅಂದಿನಿಂದ ದಾರಿ ಕೆಸರು, ಕಲ್ಲು ಬಿಸಿಲಿಗೆ.

“ಸುಣ್ಣಕಲ್ಲು ಹುಳಿಯನ್ನ ನುಂಗತ್ತೆ ಅಣ್ಣ. ಒಂದು ಬುಟ್ಟಿ ನೀರಿಗೆ ಸೇರಿದ್ರೆ ಸಾಕು, ಪಿಎಚ್ ಏರಿ ನನ್ನ ಇಷ್ಟು ವರ್ಷದ ಅಳತೆ ಎಲ್ಲಾ ಹಾಳು. ಆ ಗುಡ್ಡೆ ಮುಟ್ಟಿದ್ರೆ ನೋಡು!”

“ಆಯ್ತಮ್ಮ ತಾಯಿ, ಮುಟ್ಟಲ್ಲ” ಎಂದು ಎರಡೂ ಕೈ ಮೇಲೆತ್ತಿದ.

ಆಗಸ್ಟ್ 23

ಗೋಡೆಯಾಚೆ ಕೆಮ್ಮು. ಟೀವಿಯಾದರೆ ಆರಿಸಿ ಅನ್ನಬಹುದಿತ್ತು.

ಸೆಪ್ಟೆಂಬರ್ 3, ಮಂಗಳವಾರ

4.8. ಇಳಿಯಿತು. ನಿನ್ನೆಯ ಜಡಿಮಳೆಯೇ ಕಾರಣ, ಗೊತ್ತು, ಆದರೂ ಸಿಟ್ಟು ಬಂತು, ಆ ಸಿಟ್ಟು ಅಣ್ಣನ ಮೇಲೆ ಹರಿಯಿತು. ನಿನ್ನ ಚಿಮಣಿ ಮಾಡಿದ ಪುಣ್ಯ ಇದು ಎಂದುಬಿಟ್ಟೆ.

ಅವನು ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲೇ ಇಟ್ಟ. “ನಾನು ಬೆಂಕಿ ನೋಡ್ಕೊಂಡೆ. ನೀನು ಲೈಟ್ ಹಾಕ್ಕೊಂಡೆ. ಈ ಮೀಟರಿಗೂ ಕರೆಂಟ್ ಎಲ್ಲಿಂದ ಬರ್ತಿತ್ತು ಅಂದ್ಕೊಂಡೆ?”

ಅಷ್ಟರಲ್ಲಿ ಸಾಹೇಬರ ಫೋನು, ಬೆಳಿಗ್ಗೆ ನಾನು ಕಳಿಸಿದ ಅಂಕಿ ನೋಡಿ, ‘ಇಳಿದಿದೆಯಲ್ಲ ಮೇಡಂ’ ಎಂದು. ಜೋರಾಗಿ ಕೇಳಿಸುವ ಫೋನು ಇದು, ಕೇಂದ್ರ ಮುಚ್ಚುವ ಮಾತೆಲ್ಲ ಅಣ್ಣನ ಕಿವಿಗೂ ಬಿತ್ತು. ನಾನೇ ಅವನಿಗೆ ಹೇಳಿರಲಿಲ್ಲ. ಯಾಕೆ ಹೇಳಬೇಕು?

“ಮುಚ್ಚಿದ್ರೆ ಎಲ್ಲಿಗೆ ಹೋಗ್ತೀಯೇ?” ಎಂದು ಕೇಳಿದ.

“ಎಲ್ಲಾದ್ರೂ ಸಾಯ್ತೀನಿ” ಎಂದೆ. ಸುಮ್ಮನೆ ಬಾಯಿಗೆ ಬಂದದ್ದು. ಅವನು ಎದ್ದು ಹೋಗಿ ಎರಡೂ ತಟ್ಟೆ ತೊಳೆದಿಟ್ಟ.

ಸೆಪ್ಟೆಂಬರ್ 12

ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದನ್ನು ಈಗ ಕೇಳುತ್ತಿದ್ದಾನೆ. ಬೆಳಿಗ್ಗೆ ನಾನು ಮಳೆ ಅಳೆಯಲು ಬಯಲಿಗೆ ಹೋದಾಗ ಇವನು ಕೋಲು ಹಿಡಿದು ತೊರೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಮೊದಲು ಬಾಗಿದ ಮರದವರೆಗೆ, ಈಗ ಅದನ್ನೂ ದಾಟಿ. ಬಂದು ಬಾಗಿಲಲ್ಲಿ ಕೂತು ಏದುಸಿರು ಬಿಡುತ್ತಾನೆ, ಆದರೂ ಮುಖದಲ್ಲಿ ಕಳೆ ಬಂದಿದೆ. ಭೇಷ್ ಎಂದೆ. ಹೊಗಳಿದರೆ ಚಿಕ್ಕ ಮಕ್ಕಳ ಹಾಗೆ ನೆಲ ನೋಡುತ್ತಾನೆ.

ಬಟ್ಟೆ ಒಗೆಯುವಾಗ ಅವನ ಪ್ಯಾಂಟಿನ ಜೇಬಲ್ಲಿ ಕಲ್ಲುಪುಡಿ. ಚಿಕ್ಕಂದಿನಿಂದಲೂ ಕಲ್ಲು ಆರಿಸುವ ಚಟ. ಅಮ್ಮ ಬೈದು ಬೈದು ಸಾಕಾಗಿದ್ದಳು. ಮತ್ತೆ, ದಿಂಬಿನ ಗವಸುಗಳು ಕಾಣಿಸುತ್ತಿಲ್ಲ. ಒಂದಲ್ಲ, ನಾಲ್ಕೂ. ಕೇಳಿದರೆ “ಗಾಳಿಗೆ ಹಾರಿಹೋಯ್ತೇನೋ” ಎಂದ. ಹಗ್ಗಕ್ಕೆ ಕ್ಲಿಪ್ಪು ಹಾಕುವಷ್ಟು ಬುದ್ಧಿ ನನಗಿಲ್ಲವೇ? ಯಾವುದಾದರೂ ಕೋತಿಯ ಕೆಲಸ ಇರಬೇಕು.

ಸೆಪ್ಟೆಂಬರ್ 24, ಮಂಗಳವಾರ

5.3!

ನಂಬಲಿಲ್ಲ. ಮೀಟರನ್ನು ತೊಳೆದೆ, ಹದ ಮಾಡುವ ದ್ರಾವಣದಲ್ಲಿಟ್ಟು ಮತ್ತೆ ಸರಿಮಾಡಿದೆ, ಇನ್ನೊಂದು ಬಾಟಲಿ ತುಂಬಿಸಿ ತಂದೆ. 5.3.

ಅಣ್ಣನಿಗೆ ಹೇಳಿದರೆ “ಹೌದಾ? ಒಳ್ಳೇದಾಯ್ತು” ಎಂದು ಚಹಾಕ್ಕೆ ನೀರಿಟ್ಟ. ಬಾಯ್ಲರಿನವರಿಗೆ ಸೊನ್ನೆ ಪಾಯಿಂಟ್ ನಾಲ್ಕರ ಬೆಲೆ ಏನು ಗೊತ್ತು!

ಅಕ್ಟೋಬರ್ 8, ಮಂಗಳವಾರ

5.8. ನಾನೇ ಸಾಹೇಬರಿಗೆ ಫೋನು ಮಾಡಿದೆ. ಕೇಂದ್ರ ಶುರುವಾದಾಗಿನಿಂದ ಇಂಥ ಅಂಕಿ ಇಲ್ಲ. ಅವರ ದನಿಯೇ ಬದಲಾಯಿತು. ನವೆಂಬರಿನ ಸಭೆಯಲ್ಲಿ ತೋರಿಸುತ್ತಾರಂತೆ, ಚಿಮಣಿ ಮುಚ್ಚಿದ್ದರ ಫಲ ಎಂದು. ಇನ್ನು ಕೇಂದ್ರ ಮುಚ್ಚುವ ಮಾತೇ ಇಲ್ಲ, ಛಾವಣಿ ಕೂಡ ಮಾಡಿಸುತ್ತೇವೆ ಅಂದರು. ಫೋನಿಟ್ಟು ಅಡುಗೆಮನೆಯಲ್ಲಿ ನಿಂತು ಅತ್ತೆ, ನಾಚಿಕೆಯಿಲ್ಲದೆ. ಇಷ್ಟು ವರ್ಷ ಒಂದೇ ಅಂಕಿ ಬರೆದು ಬರೆದು ನನ್ನದೇ ಜೀವ ಅಲ್ಲಿ ನಿಂತುಹೋದ ಹಾಗೆ ಇತ್ತು.

ಅಣ್ಣ ಬಂದು ನೋಡಿ ಗಾಬರಿಯಾದ. “ಸಂತೋಷಕ್ಕೆ ಕಣೋ” ಎಂದೆ. ಅವನು ನಗಲಿಲ್ಲ. “ಸಭೆಗೆಲ್ಲಾ ತಗೊಂಡ್ಹೋಗ್ತಾರಾ?” ಎಂದು ಎರಡು ಸಲ ಕೇಳಿದ. ಇವನಿಗೆ ಏನು ಚಿಂತೆಯೋ.

ಅಕ್ಟೋಬರ್ 15, ಮಂಗಳವಾರ

5.9. ಅಂಕಿ ಆಮೇಲೆ. ಇವತ್ತು ಕಲ್ಲೆತ್ತಿದಾಗ ಅಡಿಯಲ್ಲಿ ಹುಳ! ಬಾಲಕ್ಕೆ ಮೂರು ಎಳೆ ಇರುವ ಚೂರೇ ಚೂರು ಹುಳ. ಹುಳಿ ನೀರಲ್ಲಿ ಒಂದು ದಿನವೂ ಬಾಳದ ಜಾತಿ. ಎಲ್ಲಿಂದಲೋ ಹಾರಿ ಬಂದ ತಾಯಿ ಇಟ್ಟ ಮೊಟ್ಟೆ, ಈ ಸಲ ಸಾಯದೆ ಮರಿಯಾಗಿದೆ. ಅಣ್ಣಾ ಅಣ್ಣಾ ಎಂದು ಕೂಗಿ ಕರೆದೆ. ಇಬ್ಬರೂ ಮಂಡಿಯೂರಿ ಕೂತು ನೋಡಿದೆವು.

“ಹೆಸರು ಬದಲಾಯಿಸ್ತೀನಿ ಅಂದಿದ್ದೆ” ಎಂದ.

“ನಿನ್ನ ತಲೆ.”

ಅವನಿಗೆ ಬಹಳ ಖುಷಿಯಾಯಿತು, ಅಂಕಿ ಹೇಳಿದಾಗ ಆಗದಷ್ಟು. ಸಂಜೆ ಇಸ್ಪೀಟು ಆಡಿದೆವು. ಮೋಸ ಮಾಡುತ್ತಾನೆ, ಅದೂ ಕಣ್ಣೆದುರಿಗೇ. ಅತ್ತಿಗೆಯ ಜೊತೆ ಆಡುವಾಗಲೂ ಹೀಗೇ ಮಾಡುತ್ತಿದ್ದನಂತೆ, ಅವಳಿಗೆ ಗೊತ್ತಿದ್ದೂ ಸುಮ್ಮನಿರುತ್ತಿದ್ದಳಂತೆ. ನಾನು ಸುಮ್ಮನಿರಲಿಲ್ಲ. ಅಣ್ಣನ ಕೋಣೆಯ ಕಿಟಕಿಗೆ ಪರದೆ ಹೊಲಿಯಬೇಕು, ಬೆಳಗಿನ ಬಿಸಿಲು ಮುಖಕ್ಕೇ ಹೊಡೆಯುತ್ತದೆ.

ಅಕ್ಟೋಬರ್ 23, ಬುಧವಾರ

ಜೀಪಿನವನು ಲ್ಯಾಬಿನ ಫಲಿತಾಂಶ ತಂದುಕೊಟ್ಟ. ಸುಣ್ಣದ ಅಂಶ ಬಹಳ ಏರಿದೆ. ಗಂಧಕದ್ದು ಇದ್ದ ಹಾಗೇ ಇದೆ, ಕೂದಲೆಳೆಯಷ್ಟೂ ಇಳಿದಿಲ್ಲ.

ಮಣ್ಣು ತಾನಾಗಿ ಸುಧಾರಿಸಿದ್ದರೆ ಗಂಧಕ ಮೊದಲು ಇಳಿಯಬೇಕು.

ನಾಳೆ ಮೇಲಕ್ಕೆ ಹೋಗಿ ನೋಡಬೇಕು.

ಅಕ್ಟೋಬರ್ 25

ಇವತ್ತೂ ಹೋಗಲಿಲ್ಲ. ಮೊಣಕಾಲು ನೋವು. ಪರದೆ ಹೊಲಿದು ಮುಗಿಸಿದೆ.

ಅಕ್ಟೋಬರ್ 27, ಭಾನುವಾರ

ಬಾಗಿದ ಮರ ದಾಟಿ, ತೊರೆ ಕಿರಿದಾಗುವ ಕಡೆ, ಎರಡು ಬಂಡೆಯ ನಡುವೆ. ನನ್ನ ದಿಂಬಿನ ಗವಸುಗಳು. ನಾಲ್ಕೂ. ಬಾಯಿಗೆ ದಾರ ಕಟ್ಟಿ, ಒಳಗೆ ಸುಣ್ಣಕಲ್ಲಿನ ಜಲ್ಲಿ ತುಂಬಿ, ನೀರಿಗೆ ಅಡ್ಡವಾಗಿ ನೀಟಾಗಿ ಸಾಲಾಗಿಟ್ಟಿದ್ದಾನೆ. ಹೂವಿನ ಕಸೂತಿ ಹಾಕಿದ ಗವಸುಗಳು, ಅತ್ತಿಗೆ ನನಗೆ ಮಾಡಿಕೊಟ್ಟವು.

ಒಂದೊಂದನ್ನೂ ಎಳೆದು ದಡಕ್ಕೆ ಹಾಕಿದೆ. ಎಷ್ಟು ಭಾರ! ಇದನ್ನು ಆ ಶ್ವಾಸಕೋಶ ಹೊತ್ತ ಮನುಷ್ಯ ಹೇಗೆ ತಂದ ಎಂಬ ಯೋಚನೆ ಬಂತು. ಬಂದಿತು, ಆದರೆ ಸಿಟ್ಟು ಇಳಿಯಲಿಲ್ಲ. ಮನೆಗೆ ಬಂದು ಒದ್ದೆ ಗವಸೊಂದನ್ನು ಅವನ ಮುಂದೆ ಎಸೆದೆ.

“ಏನಿದು?”

ಅವನು ಸುಳ್ಳು ಹೇಳಲಿಲ್ಲ. “ಒಂದೊಂದು ಜೇಬು ತಗೊಂಡ್ಹೋಗಿ ತುಂಬಿಸ್ದೆ. ದಿನಾ ಹೋಗಿ ಅಲ್ಲಾಡಿಸ್ಬೇಕು, ಇಲ್ಲಾಂದ್ರೆ ಕಲ್ಲಿನ ಮೇಲೆ ಪೊರೆ ಕಟ್ಟತ್ತೆ. ಅದಕ್ಕೇ ನಡೀತಿದ್ದೆ.”

“ಯಾರು ಹೇಳಿದ್ರು ನಿಂಗೆ ಇದನ್ನ ಮಾಡು ಅಂತ?”

“ಏರ್ಲಿಲ್ಲಾಂದ್ರೆ ನಿನ್ನ ಮನೆ ಹೋಗತ್ತಲ್ಲೇ! ಸುಣ್ಣಕಲ್ಲು ಹಾಕಿದ್ರೆ ಏರತ್ತೆ ಅಂತ ನೀನೇ ಹೇಳಿದ್ದು. ನೀರು ಹುಳಿ ಬಂದ್ರೆ ಡೋಸಿಂಗ್ ಮಾಡೋದು, ನಂಗೆ ಗೊತ್ತಿರೋದು ಅಷ್ಟೇ. ಸಭೆಗೆ ಹೋಗತ್ತೆ ಅಂತ ಗೊತ್ತಿರ್ಲಿಲ್ಲ. ಆಮೇಲೆ ತೆಗೆದುಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಆ ಹುಳ ಬಂತು.”

“ನನ್ನ ಇಷ್ಟು ವರ್ಷದ ಕೆಲಸ ನೀರು ಪಾಲು ಮಾಡ್ದೆ ನೀನು. ಹೊಗೆ ಹಾಕಿ ಒಂದು ಸಲ ಹಾಳು ಮಾಡ್ದೆ, ಸುಣ್ಣ ಹಾಕಿ ಇನ್ನೊಂದು ಸಲ.”

ಅವನ ಮುಖ ಕೆಂಪಾಯಿತು. ಕೆಮ್ಮು ಬಂತು, ತಡೆದು ಮಾತಾಡಿದ. “ಅದು ಸಾಯ್ತಿದೆ ಅಂತ ಇಷ್ಟು ವರ್ಷ ಬರ್ಕೊಂಡು ಕೂತೆಯಲ್ಲ ಸೂಜಿ, ಒಂದು ದಿನನಾದ್ರೂ ಒಂದು ಕಲ್ಲು ಎತ್ತಿ ಹಾಕ್ಬೇಕು ಅನ್ನಿಸ್ಲಿಲ್ವಾ ನಿಂಗೆ?”

“ಹೊರಟುಹೋಗು” ಎಂದೆ.

ಅಕ್ಟೋಬರ್ 30, ಬುಧವಾರ

ಜೀಪಿನಲ್ಲಿ ಹೋದ. ಮಡಚುವ ಕುರ್ಚಿ ಬಿಟ್ಟುಹೋಗಿದ್ದಾನೆ.

ನವೆಂಬರ್ 1

ಕೆಮ್ಮಿಲ್ಲ. ಒಳ್ಳೇ ನಿದ್ದೆ ಬರಬೇಕಿತ್ತು.

ನವೆಂಬರ್ 3, ಭಾನುವಾರ

ಯಾರಿಗೂ ಗೊತ್ತಿಲ್ಲ. ಗವಸುಗಳನ್ನು ತೆಗೆದಾಗಿದೆ, ಲ್ಯಾಬಿನವರು ಅಂಕಿ ಕೊಡುತ್ತಾರೆಯೇ ಹೊರತು ಅದರ ತಲೆಬುಡ ನೋಡುವವರಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೇಂದ್ರ ಉಳಿಯುತ್ತದೆ, ಮನೆ ಉಳಿಯುತ್ತದೆ, ಛಾವಣಿಯೂ ಆಗುತ್ತದೆ. ಮುಂದಿನ ವರ್ಷ ಇಳಿದರೆ ಮಳೆಯ ಮೇಲೆ ಹಾಕಿದರಾಯಿತು. ಇಂಥದ್ದನ್ನೆಲ್ಲ ಇಷ್ಟು ಸಲೀಸಾಗಿ ಯೋಚಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಆದರೆ ನವೆಂಬರಿನ ಸಭೆಯಲ್ಲಿ ‘ಎರಡೇ ವರ್ಷಕ್ಕೆ ಕಾಡು ತಾನಾಗಿ ಸರಿಹೋಯಿತು’ ಎಂದು ಯಾರೋ ಹೇಳುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಇನ್ನೊಂದು ಬೆಟ್ಟದಾಚೆ ಇನ್ನೊಂದು ಚಿಮಣಿ ಎಬ್ಬಿಸುವವನಿಗೂ ಅದು ಕೇಳಿಸುತ್ತದೆ. ಆಮೇಲೆ?

ಊಟ ಸೇರಲಿಲ್ಲ. ಅಡುಗೆಯೂ ಜಾಸ್ತಿಯಾಗಿತ್ತು.

ನವೆಂಬರ್ 5, ಮಂಗಳವಾರ

5.3. ಇಳಿಯುತ್ತಿದೆ. ಹುಳ ಎರಡೇ ಕಂಡವು.

ಸಾಹೇಬರಿಗೆ ಫೋನು ಮಾಡಿದೆ. “ಸಾರ್, ಆ ಏರಿಕೆ ನಿಜದ್ದಲ್ಲ. ನೀರಿಗೆ ಸುಣ್ಣಕಲ್ಲು ಬಿದ್ದಿತ್ತು. ಸೆಪ್ಟೆಂಬರಿಂದ ಈಚೆಗಿನ ಅಂಕಿ ಯಾವುದನ್ನೂ ತೋರಿಸ್ಬೇಡಿ.”

“ಬಿದ್ದಿತ್ತಾ? ಹೇಗೆ ಬೀಳತ್ತೆ ಮೇಡಂ?”

“ನಮ್ಮಣ್ಣ ಹಾಕಿದ್ದು. ಗುಡ್ಡೆಯನ್ನ ಅಲ್ಲೇ ಬಿಟ್ಕೊಂಡಿದ್ದು ನಾನು.”

“ನೋಡೋಣ” ಎಂದರು. ಆ ಮಾತು ಕೇಳಿ ಇಷ್ಟು ಹಿತ ಎಂದೂ ಆಗಿರಲಿಲ್ಲ.

ನವೆಂಬರ್ 11

ನೋಡಿದರು. ಕೇಂದ್ರ ಮುಚ್ಚುತ್ತಾರೆ. ಈ ತಿಂಗಳ ಇಪ್ಪತ್ತಾರು ಕೊನೆಯ ಮಾದರಿ. ಮರುದಿನ ಜೀಪು ಬಂದು ಮೀಟರು, ಬಾಟಲಿ ಎಲ್ಲ ಒಯ್ಯುತ್ತದೆ. ನನಗೆ ಡಿಸೆಂಬರಿನ ಕೊನೆಯವರೆಗೆ ಮನೆ ಖಾಲಿ ಮಾಡಲು ಸಮಯ. ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚುತ್ತೇವೆ ಎಂದರು ಸಾಹೇಬರು. ಮೆಚ್ಚಿಕೊಳ್ಳಲಿ.

ತೊರೆಯ ಹತ್ತಿರ ಅವನ ಕುರ್ಚಿ ಹಾಕಿಕೊಂಡು ಕತ್ತಲಾಗುವವರೆಗೆ ಕೂತಿದ್ದೆ. ಕೂರಲು ಚೆನ್ನಾಗಿದೆ, ಬೆನ್ನಿಗೆ ಆಸರೆ ಇದೆ. ಯಾರ ಜೊತೆಯಾದರೂ ಜಗಳವಾಡೋಣ ಎನ್ನಿಸಿತು. ಯಾರಿದ್ದಾರೆ?

ನವೆಂಬರ್ 19, ಮಂಗಳವಾರ

5.0. ಹುಳ ಒಂದೇ.

ನವೆಂಬರ್ 26, ಮಂಗಳವಾರ

4.9. ಕೊನೆಯ ಅಂಕಿ. ಬಾಟಲಿಯನ್ನು ನೀರೊಳಗೆ ತುಂಬಿಸಿ ನೀರೊಳಗೇ ಮುಚ್ಚಿದೆ, ಮೊದಲ ದಿನ ಮಾಡಿದ ಹಾಗೆಯೇ, ಒಂದು ಗುಳ್ಳೆಯೂ ಇಲ್ಲದೆ. ನನ್ನ ಕೆಲಸ ಮುಗಿಯಿತು.

ಆಮೇಲೆ ಕಲ್ಲೆತ್ತಿ ನೋಡಿದೆ. ಮಧ್ಯದಲ್ಲಿ ಎಲ್ಲೂ ಇಲ್ಲ. ದಂಡೆಯ ಬದಿಯಲ್ಲಿ, ಬೇರಿನ ಸಂದಿಯಿಂದ ಒಸರುವ ಬೇರೆ ನೀರು ಸೇರುವ ಕಡೆ, ಒಂದು ಹಾಳೆಯಂಥ ಕಲ್ಲಿನಡಿ ಅದು ಇನ್ನೂ ಇತ್ತು. ಮೂರೆಳೆಯ ಬಾಲ ಅಲ್ಲಾಡಿಸುತ್ತಾ ಕಲ್ಲನ್ನು ಕಚ್ಚಿಕೊಂಡಿತ್ತು. ಮಳೆ ಬಂದು ಹುಳಿ ಏರಿದರೆ ಇದೂ ಹೋಗುತ್ತದೆ. ಮೊದಲಾಗಿದ್ದರೆ ಇದನ್ನೂ ಬರೆದುಕೊಂಡು ಎದ್ದು ಬರುತ್ತಿದ್ದೆ. ಇವತ್ತು ಅಲ್ಲೇ ಕೂತೆ. ಸಾಯಬೇಡವೇ ಮಾರಾಯ್ತಿ, ಎಂದೆ ಅದಕ್ಕೆ. ಗಟ್ಟಿಯಾಗಿಯೇ ಅಂದೆ, ಕೇಳುವವರು ಯಾರೂ ಇರಲಿಲ್ಲ.

ನವೆಂಬರ್ 28, ಗುರುವಾರ

ನಿನ್ನೆ ಜೀಪು ಎಲ್ಲ ಒಯ್ಯಿತು. ಮೇಜಿನ ಮೇಲೆ ಮೀಟರಿದ್ದ ಜಾಗದಲ್ಲಿ ಚೌಕಾಕಾರದ ಕಲೆ. ಜೀಪಿನವನು “ಮೇಡಂ, ನಿಮ್ಮಣ್ಣ ಪೇಟೇಲಿ ಸಿಕ್ಕಿದ್ರು, ಸೂಜಿ ಹೇಗಿದೆ ಅಂತ ಕೇಳಿದ್ರು” ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಇವತ್ತು ಶೆಡ್ಡಿನ ಹಿಂದೆ ಹೋಗಿ ಗುಡ್ಡೆಯ ಮುಂದೆ ನಿಂತೆ. ಮುಷ್ಟಿಯಷ್ಟು ಒಂದು ಕಲ್ಲು ಎತ್ತಿ ಹಿಡಿದುಕೊಂಡೆ. ಹಾಳಾಗಲು ಇನ್ನು ಯಾವ ಅಳತೆಯೂ ಉಳಿದಿಲ್ಲ. ಆದರೂ ಕೈ ಬರಲಿಲ್ಲ. ಎಷ್ಟು ಹಾಕಬೇಕು? ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಪಿಎಚ್ ಒಂದೇ ಸಲಕ್ಕೆ ಏರಿ ಅದೂ ತೊಂದರೆ. ಇಷ್ಟು ವರ್ಷ ಹುಳಿಯನ್ನು ಹತ್ತರ ಒಂದು ಪಾಲಿನವರೆಗೆ ಅಳೆದವಳಿಗೆ ಅದರ ಮದ್ದಿನ ಅಂದಾಜು ಒಂದು ಚೂರೂ ಗೊತ್ತಿಲ್ಲ.

ಕಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು ಫೋನು ಮಾಡಿದೆ.

“ಅಣ್ಣಾ, ಡೋಸ್ ಎಷ್ಟು?”

ಆ ಕಡೆ ಕೆಮ್ಮು. ಕೆಮ್ಮಿ ಮುಗಿಸಿ, “ಏನಂದೆ?”

“ಹಳ್ಳಕ್ಕೆ. ಒಂದು ಹುಳ ಉಳ್ಕೊಂಡಿದೆ. ಎಷ್ಟು ಹಾಕ್ಬೇಕು ಹೇಳು.”



“ಗವಸು ಬೇಡ” ಎಂದ. “ಅಲ್ಲಾಡಿಸೋರು ಬೇಕಾಗತ್ತೆ. ಮೇಲುಗಡೆ ನೀರು ಧುಮುಕೋ ಜಾಗ ಇದೆ ನೋಡು, ಅಲ್ಲಿ ಸುರಿದ್ರೆ ನೀರೇ ಕಲ್ಲನ್ನ ಉಜ್ಜಿ ಉಜ್ಜಿ ಕರಗಿಸ್ಕೊಳತ್ತೆ, ನಾವು ಇಲ್ದಿದ್ರೂ ನಡೆಯತ್ತೆ. ಆದ್ರೆ ಸ್ವಲ್ಪ ಸ್ವಲ್ಪವಾಗೇ ಹಾಕ್ಬೇಕು. ನೀನು ಮುಟ್ಬೇಡ, ನಿನ್ನ ಕೈ ಅವಸರದ್ದು. ನಾನು ನಾಳೆ ಬರ್ತೀನಿ.”

“ಮೀಟರ್ ಇಲ್ಲ ಅಣ್ಣ. ತಗೊಂಡ್ಹೋದ್ರು. ಸರಿಯಾಯ್ತೋ ಇಲ್ವೋ ಅಂತ ಹೇಗೆ ಗೊತ್ತಾಗತ್ತೆ?”

“ಹುಳ ಇದೆಯಲ್ಲೇ. ಕಲ್ಲೆತ್ತಿ ನೋಡಿದ್ರಾಯ್ತು.”

“ನೀನು ಹೊರೋ ಹಾಗಿಲ್ಲ. ಕುರ್ಚಿ ಹಾಕ್ಕೊಡ್ತೀನಿ, ಕೂತ್ಕೊಂಡು ಹೇಳು. ಹೊರೋದು ನಾನು.”

“ಆಯ್ತಮ್ಮ ತಾಯಿ” ಎಂದ.

ಅಣ್ಣನ ಕೋಣೆ ಗುಡಿಸಿದೆ. ಹೊಲಿದಿಟ್ಟ ಪರದೆಯನ್ನು ಹಾಕಿದೆ. ನಾಲ್ಕು ಗವಸುಗಳನ್ನೂ ಕುದಿಯುವ ನೀರಲ್ಲಿ ನೆನೆಸಿ ಒಗೆದೆ, ಮೂರು ಸರಿಹೋದವು, ಒಂದು ಹರಿದಿದೆ. ನಾಳೆ ಜೀಪಿಲ್ಲ, ಬಸ್ಸು ಬರುವುದು ಕೆಳಗಿನ ರಸ್ತೆಯವರೆಗೆ ಮಾತ್ರ. ಆ ಕೆಸರು ದಾರಿಯಲ್ಲಿ ಅವನು ಒಬ್ಬನೇ ಬರಬಾರದು. ಬೇಗ ಹೊರಟು ಕೆಳಗೇ ಹೋಗಿ ಕಾಯುತ್ತೇನೆ.